ಸ್ವಿಚ್ ಬೋರ್ಡಿನ ಕಿಡಿ

ಶನಿಗ್ರಹದ ಬಳೆ ಬಿಸಿಯೂಟದ ಸಾರಿನ ಪಾತ್ರೆಗೆ ಸಿಂಬಿಯಾಗಿ ಕೂತಿದ್ದನ್ನು ಕಂಡ ದಿನವೇ ನಾಗರಾಜಾಚಾರಿ ಮೇಷ್ಟ್ರು ಸ್ಮಾರ್ಟ್ ಕ್ಲಾಸನ್ನು ಸುಟ್ಟುಬಿಡಬೇಕೆಂದು ತೀರ್ಮಾನಿಸಿದರು.

ಆ ಬಳೆಯನ್ನು ಹಲಸಿನ ಮರದಲ್ಲಿ ಕೊರೆದವರು ಅವರೇ. ಬಡಗಿಯ ಮಗ. ಅಕ್ಕಿಹೆಬ್ಬಾಳಿನಾಚೆಯ ಆ ಹಳ್ಳಿ ಶಾಲೆಗೆ ವಿಜ್ಞಾನದ ಮೇಷ್ಟ್ರಾಗಿ ಬಂದ ಮೇಲೆ ಒಂದೊಂದೇ ಗ್ರಹ ಮಾಡಿ, ಬಣ್ಣ ಬಳಿದು, ಸೂರಿಗೆ ತೂಗುಹಾಕಿದ್ದರು. ಒಂದು ಪ್ರೊಜೆಕ್ಟರ್ ಕೊಡಿಸಿ ಎಂದು ಬ್ಯಾಂಕು, ಕಾರ್ಖಾನೆ, ಟ್ರಸ್ಟು ಅಂತ ಕಂಡಕಂಡ ಬಾಗಿಲು ತಟ್ಟಿ ಚಪ್ಪಲಿ ಸವೆಸಿದ್ದರು. ಯಾರೂ ಕ್ಯಾರೇ ಅನ್ನಲಿಲ್ಲ. ಮೊನ್ನೆ ಮೊನ್ನೆ ಬಂದ ರಂಜಿತ ಟೀಚರು ಮಕ್ಕಳನ್ನು ಅದೇ ಗ್ರಹಗಳ ಕೆಳಗೆ ನಿಲ್ಲಿಸಿ, 'ನಮ್ಮ ಶಾಲೇಲಿ ಇರೋದು ಇಷ್ಟೇ' ಎಂದು ಹೇಳಿಸಿ, ಮೊಬೈಲಿನಲ್ಲಿ ಹಿಡಿದು ಯಾವುದೋ ಕಂಪನಿಗೆ ಕಳಿಸಿದಳು. ದೊಡ್ಡ ಪರದೆ, ಪ್ರೊಜೆಕ್ಟರ್, ಮಕ್ಕಳಿಗೆ ಟ್ಯಾಬು ಎಲ್ಲ ಬಂದವು. ಗ್ರಹಗಳು ಅಡುಗೆಮನೆ ಸೇರಿದವು. ಒಂದು ಆಯುಷ್ಯದ ಕೆಲಸ ಕಂಪನಿಯವರ ಕಣ್ಣಿಗೆ ಬಡತನದ ಸಾಕ್ಷಿಯಾಗಿ ಕಂಡಿತಲ್ಲ, ಅದು ಮೇಷ್ಟ್ರ ಎದೆಗೆ ಚುಚ್ಚಿಕೊಂಡು ಅಲ್ಲೇ ಉಳಿಯಿತು.

ಆತುರಪಡಲಿಲ್ಲ. ಮೊದಲು ಸ್ಟಾಫ್ ರೂಮಿನಲ್ಲಿ ಎಲ್ಲರ ಕಿವಿಗೂ ಬೀಳುವಂತೆ, "ರಂಜಿತಮ್ಮ, ಸ್ವಿಚ್ ಆಫ್ ಮಾಡ್ಬುಟ್ಟು ಹೋಗವ್ವ. ಯುಪಿಎಸ್ ಬ್ಯಾರೆ ಬಂದಿಲ್ಲ, ಓಲ್ಟೇಜು ಎಗರಾಡ್ತದೆ. ಏನಾರ ಆದ್ರೆ ನಿನ್ ತಲೆಗೇ ಬರೋದು" ಎಂದರು.

"ದಿನಾ ಆಫ್ ಮಾಡೇ ಹೋಗೋದು ಸಾರ್" ಎಂದು ಅವಳು ನಕ್ಕಳು.

ನಗಲಿ. ಅಜಾಗರೂಕತೆಯಿಂದ ಹಾಳಾದರೆ ಪಡೆದುಕೊಂಡ ಶಿಕ್ಷಕರೇ ಹೊಣೆ ಎಂಬುದು ಕಂಪನಿಯ ಷರತ್ತು. ರೂಮಿನ ಇನ್ನೊಂದು ಬೀಗದ ಕೈ ಹಿರಿಯ ಮೇಷ್ಟ್ರಾದ ತಮ್ಮ ಬಳಿಯೇ ಇತ್ತು. ಶಾರ್ಟ್ ಸರ್ಕ್ಯೂಟ್ ಎನ್ನಲು ಒಂದು ಸಾಕ್ಷಿ ಬೇಕು, ಆ ಸಾಕ್ಷಿ ತಾವೇ ಆಗುವುದು. ಬೆಂಕಿ ಇಟ್ಟವನೇ ಬೆಂಕಿ ಆರಿಸಲು ಓಡಿಬಂದರೆ ಅನುಮಾನಿಸುವ ಗಂಡಸು ಯಾವನಿದ್ದಾನೆ?

ಭಾನುವಾರ ಪಕ್ಕದೂರಿನಲ್ಲಿ ಬೀಗರೂಟ. ಊರಿಗೆ ಊರೇ ಬಾಡೂಟಕ್ಕೆ ಹೋಗುತ್ತದೆ. ಮೇಷ್ಟ್ರಿಗೂ ಕರೆಯಿತ್ತು, ಶಾಲೆ ದಾರಿಯಲ್ಲೇ ಸಿಗುತ್ತದೆ. ಮಧ್ಯಾಹ್ನ ಕೆ.ಆರ್. ಪೇಟೆಯಿಂದ ಬೈಕಿನಲ್ಲಿ ಹೊರಟರು. ಊರಿನ ತಿರುವಿನಲ್ಲಿ ಕಬ್ಬಿನ ಟ್ರಾಕ್ಟರೊಂದು ಅಡ್ಡ ನಿಂತು, ಜನ ಸೇರಿ ಮೇಲೆ ನೋಡುತ್ತ ಕೂಗಾಡುತ್ತಿದ್ದರು. ಯಾರ ಕಣ್ಣಿಗೂ ಬೀಳಬಾರದೆಂದು ಮೇಷ್ಟ್ರು ನಾಲೆ ಏರಿಯ ದಾರಿ ಹಿಡಿದರು. ಊರು ನಿಶ್ಶಬ್ದವಾಗಿತ್ತು. ಹುಸೇನ್ ಸಾಬರ ಹಿಟ್ಟಿನ ಗಿರಣಿಯೂ ಸುಮ್ಮನಿತ್ತು. ಸಾಬರೂ ಊಟಕ್ಕೆ ಹೋಗಿರಬೇಕು, ದೇವರೇ ತಮ್ಮ ಕಡೆ ಇದ್ದಾನೆ ಎಂದುಕೊಂಡರು.

ಬೆರಳಿನ ಗುರುತು ಉಳಿಯದಂತೆ ಕೈಗೆ ಟವೆಲು ಸುತ್ತಿಕೊಂಡು ಸ್ವಿಚ್ಚುಗಳನ್ನೆಲ್ಲ ಒತ್ತಿ, ಮೇಲೆ ನೋಡದೆ ಕುಕ್ಕರಗಾಲಲ್ಲಿ ಕೂತರು. ಬೋರ್ಡಿನ ಕೆಳಗೆ ಮರ ನಯ ಮಾಡುವ ಹತ್ರಿಯಿಂದ ಹೆರೆದ ಹೊಟ್ಟು, ಅದಕ್ಕೆ ಸೀಮೆಎಣ್ಣೆ, ಹೊತ್ತಿಸಲು ತೆಂಗಿನ ನಾರಿನ ಹಗ್ಗ. ಹಗ್ಗ ನಿಧಾನಕ್ಕೆ ಉರಿಯುತ್ತದೆ. ಅಷ್ಟರಲ್ಲಿ ಬೀಗ ಹಾಕಿ, ನಾಲೆ ಕಡೆಯಿಂದ ಸುತ್ತಿ, ಮುಂದಿನ ರಸ್ತೆಯಿಂದ ಊಟಕ್ಕೆ ಹೊರಟವರಂತೆ ಬಂದರೆ ಆಯಿತು.

ಎಲ್ಲ ಹಾಗೇ ನಡೆಯಿತು. ಕಿಟಕಿಯಲ್ಲಿ ಹೊಗೆ ಕಂಡಾಗ ಬೈಕು ಬೀಳಿಸಿ, "ಬೆಂಕಿ! ಬೆಂಕಿ!" ಎಂದು ಅರಚಿದರು. ಮೊದಲು ಓಡಿಬಂದವರು ಹುಸೇನ್ ಸಾಬರು. ಆಮೇಲೆ ಅಡುಗೆಯ ಚಿಕ್ಕಬೋರಮ್ಮ. ಅಂಗಳದ ನಲ್ಲಿ ತಿರುಗಿಸಿದರೆ ಹನಿ ನೀರಿಲ್ಲ. ಬಿಂದಿಗೆ ಹಿಡಿದು ನಾಲೆಗೆ ಓಡಬೇಕಾಯಿತು. ಇದೂ ಒಳ್ಳೆಯದೇ ಆಯಿತೆಂದು ಮೇಷ್ಟ್ರು ಒಳಗೊಳಗೇ ಹಿಗ್ಗಿದರು.

ಚಿಕ್ಕಬೋರಮ್ಮ ಬಾಗಿಲು ಒಡೆದು ಒಳಗೆ ನುಗ್ಗುತ್ತಾಳೆಂದು ಮಾತ್ರ ಅವರು ಎಣಿಸಿರಲಿಲ್ಲ. ಟ್ಯಾಬುಗಳ ಪೆಟ್ಟಿಗೆ ಅವಚಿಕೊಂಡು ಹೊರಗೆ ಬಂದಾಗ ಅವಳ ಎರಡು ಅಂಗೈಯೂ ಸುಲಿದುಹೋಗಿದ್ದವು. "ಮಕ್ಳವು ಸಾಮಿ, ಮಕ್ಳವು" ಎನ್ನುತ್ತಲೇ ಇದ್ದಳು. ಆಟೋದಲ್ಲಿ ಕೂರಿಸಿ ಆಸ್ಪತ್ರೆಗೆ ಕಳಿಸಿದರು. ಮೇಷ್ಟ್ರಿಗೆ ನಾಚಿಕೆಯಾಯಿತು. ಮರುಕ್ಷಣ, ಈ ಪಾಪವೂ ರಂಜಿತಳ ಲೆಕ್ಕಕ್ಕೇ ಹೋಗುತ್ತದೆಂದು ಹೊಳೆದು ಸಮಾಧಾನವಾಯಿತು. ಸುದ್ದಿ ತಿಳಿದು ಬಂದ ರಂಜಿತ ಕರಿ ಗೋಡೆ ಎದುರು ಅಳಲೂ ಆಗದೆ ನಿಂತಿದ್ದಳು.

ಪೇಟೆಯಿಂದ ಬಂದ ಹೆಡ್ ಕಾನ್ಸ್‌ಟೇಬಲ್ ಶಿವಣ್ಣ, ಹೊಂಗೆ ಮರದ ಕೆಳಗೆ ಮೇಷ್ಟ್ರೊಬ್ಬರನ್ನೇ ಕೂರಿಸಿಕೊಂಡು ಹೇಳಿಕೆ ಬರೆದುಕೊಂಡ.

"ಕಣ್ಣಾರೆ ಕಂಡೆ ಕಣಪ್ಪ. ರಸ್ತೇಲಿ ಬರ್ತಾ ಇದ್ದೆ, ಸ್ವಿಚ್ ಬೋರ್ಡಿಂದ ಚಟಚಟ ಅಂತ ಕಿಡಿ ಹಾರ್ತು. ಟೀಚರು ಆಫ್ ಮಾಡ್ದೆ ಹೋಗವ್ಳೆ. ನಾನು ಹೇಳ್ತಾನೇ ಇದ್ದೆ."

ಶಿವಣ್ಣ ಓದಿ ಹೇಳಿ ಸಹಿ ಹಾಕಿಸಿಕೊಂಡ. ಆ ಹೊತ್ತಿಗೆ ಅಂಗಳದಲ್ಲಿ ಯಾರೋ ತಿರುಗಿಸಿ ಹಾಗೇ ಬಿಟ್ಟಿದ್ದ ನಲ್ಲಿ ಗೊರಗೊರ ಎಂದು ಕೆಮ್ಮಿ, ಗಾಳಿ ಉಗುಳಿ, ಭೋರೆಂದು ನೀರು ಸುರಿಯತೊಡಗಿತು. ನಲ್ಲಿಯ ಪಕ್ಕದಲ್ಲೇ ಕೂತಿದ್ದ ಹುಸೇನ್ ಸಾಬರು ಎದ್ದು ನಿಂತು, "ಯಾ ಅಲ್ಲಾ, ಈಗ ಬಂತಾ ಕರೆಂಟು! ಬೆಳಗ್ಗೆ ತಿರುವಿನಾಗೆ ಕಬ್ಬಿನ ಲೋಡು ತಂತಿ ಕಿತ್ತಾಕ್ದಾಗ್ಲಿಂದ ಇಡೀ ಊರ್ಗೇ ಇರ್ನಿಲ್ಲ. ಗಿರಣಿ ಬಾಗ್ಲಾಗೇ ಕಾಯ್ಕೊಂಡು ಕುಂತಿದ್ದೆ. ಕರೆಂಟಿದ್ದಿದ್ರೆ ಮೋಟ್ರು ಓಡಿ ನಲ್ಲೀಲಿ ನೀರಿರ್ತಿತ್ತು, ಆ ಯಮ್ಮನ ಕೈ ಉಳೀತಿತ್ತು" ಎಂದು ಕಣ್ಣು ಒರೆಸಿಕೊಂಡರು. ಶಿವಣ್ಣ ನಲ್ಲಿಯನ್ನು ನೋಡಿದ, ಕೈಯಲ್ಲಿದ್ದ ಹಾಳೆಯನ್ನು ನೋಡಿದ, ಆಮೇಲೆ ನಿಧಾನವಾಗಿ ಕೇಳಿದ: "ಮೇಷ್ಟ್ರೇ, ಕಿಡಿ ಹಾರಿದ್ದನ್ನ ಕಣ್ಣಾರೆ ಕಂಡೆ ಅಂದ್ರಲ್ಲ?"