ಅಕ್ಕಿಯಲ್ಲಿ ಬರೆದ ಹೆಸರು

ಘಾಟಿನ ತಿರುವಿನಲ್ಲಿ ಡ್ರೈವರ್ ಬಸ್ಸು ನಿಲ್ಲಿಸಿ ಎಂಜಿನ್ ಆರಿಸಿಬಿಟ್ಟ.

ಕರಾಡದಿಂದ ಚಿಪಳೂಣಕ್ಕೆ ಹೊರಟಿದ್ದ ಕೆಂಪು ಸರ್ಕಾರಿ ಎಸ್‌ಟಿ ಬಸ್ಸು ಅದು. ಕಂಡಕ್ಟರ್ ಹುಡುಗಿ ಟಿಕೆಟ್ ಮಷಿನ್ ಹಿಡಿದು ಸೀಟುಗಳ ನಡುವೆ ನಿಂತಿದ್ದಳು. ಅವಳ ಎದೆಯ ಮೇಲಿನ ಹೆಸರಿನ ಪಟ್ಟಿ ಓದಿ ಹಿಂದಿನ ಸೀಟಿನ ಮೀಸೆಯವನೊಬ್ಬ ಆಗಷ್ಟೇ ಕಿಸಕ್ಕನೆ ನಕ್ಕಿದ್ದ.

"ನಕುಸಾ ಅಂತ ಹೆಸರು. ಹೆತ್ತವರಿಗೇ ಬ್ಯಾಡಾದಾಕಿ, ನಮಗ ತಿಕೀಟ ಕೊಡಾಕ ಬಂದಾಳ."

ಡ್ರೈವರ್ ಎದ್ದು ಅವನ ಸೀಟಿನ ತನಕ ನಡೆದು ಬಂದ. ಆ ಮಾರ್ಗಕ್ಕೆ ಅವತ್ತೇ ಹೊಸದಾಗಿ ಬಂದವನು, ಹೆಸರು ವಿಶ್ರಾಮ.

"ಮೇಡಂಗ ತಪ್ಪಾತು ಅನ್ನು. ಇಲ್ಲಾ ಇಲ್ಲೇ ಇಳಿ. ಮುಂದ ಎಲ್ಲಾ ಇಳಿಜಾರು ಐತಿ, ಉರುಳಿದ್ರೂ ಚಿಪಳೂಣ ಮುಟ್ಟತಿ."

ಬಸ್ಸೆಲ್ಲ ಗೊಳ್ಳೆಂದಿತು. ಮೀಸೆಯವನು ಕಿಟಕಿಯ ಕಡೆ ಮುಖ ತಿರುಗಿಸಿ, "ತಪ್ಪಾತು ಬಿಡವ್ವ," ಅಂದ.

ಚಿಪಳೂಣದ ಸ್ಟ್ಯಾಂಡಿನಲ್ಲಿ ಜನ ಇಳಿದು ಹೋದ ಮೇಲೆ ನಕುಸಾ ಸೀದಾ ಡ್ರೈವರನ ಕ್ಯಾಬಿನ್ನಿನ ಹತ್ತಿರ ಬಂದು ನಿಂತಳು. ಕಣ್ಣು ಕೆಂಪಾಗಿದ್ದವು.

"ನಿಮ್ಮನ್ನ ಯಾರು ಕರದಿದ್ರು ನಡುವ?"

"ಯಾರೂ ಕರೀಲಿಲ್ಲ ಮೇಡಂ. ಆದ್ರ ಅಂವ..."

"ನನ್ನ ಹೆಸರು. ಅದನ್ನ ನಾ ನೋಡ್ಕೋತೀನಿ. ನೀವು ಬಸ್ಸು ನೋಡ್ಕೋರಿ, ಸಾಕು."

"ಹಂಗ ಆಗಲಿ ಮೇಡಂ," ಅಂದ. ಆ ದನಿಯಲ್ಲಿ ಅಯ್ಯೋ ಪಾಪ ಅನ್ನುವ ಭಾವ ಇರಲಿಲ್ಲ. ಅದೇ ಅವಳಿಗೆ ಹಿಡಿಸಿತು, ಹಿಡಿಸಿದ್ದಕ್ಕೆ ಇನ್ನಷ್ಟು ಸಿಟ್ಟೂ ಬಂತು.

ನಕುಸಾ. ಬೇಡವಾದವಳು. ಪುಣೆಗೋ ಮುಂಬಯಿಗೋ ಹೋಗಿ ಹುಡುಕಿ, ಈ ಹೆಸರಿನ ಹೆಣ್ಣು ಸಿಕ್ಕರೆ ಹೇಳಿ. ನಮ್ಮ ಸಾತಾರಾ ಸೀಮೆಯ ಗುಡ್ಡದ ಊರುಗಳಲ್ಲಿ ಮಾತ್ರ, ಶಾಲೆಯಲ್ಲಿ ಹಾಜರಿ ಕೂಗುವಾಗ ಈ ಹೆಸರಿಗೆ ಎರಡು ಮೂರು ದನಿ ಒಟ್ಟಿಗೆ ಏಳುತ್ತಿದ್ದವು. ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದ ಮನೆಯಲ್ಲಿ ಕೊನೆಯ ಕೂಸಿಗೆ ಈ ಹೆಸರಿಟ್ಟರೆ ದೇವರಿಗೆ ಕೇಳಿಸುತ್ತದಂತೆ, ಮುಂದಿನದು ಗಂಡಾಗುತ್ತದಂತೆ. ಬೆಂಕಿ ಬೀಳಲಿ ಆ ನಂಬಿಕೆಗೆ.

ಇವಳು ನಾಲ್ಕನೆಯವಳು. ತೊಟ್ಟಿಲ ಶಾಸ್ತ್ರದ ದಿನ ಅಜ್ಜಿ ಹೇಳಿಕೊಟ್ಟ ಹಾಗೆ ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಕೂಸು ನಿದ್ದೆಗಣ್ಣಿನಲ್ಲೇ ನಕ್ಕಿತಂತೆ. ಮುಂದಿನ ವರ್ಷ ತಮ್ಮ ಧನಾಜಿ ಹುಟ್ಟಿದ. "ನಮ್ಮ ನಕುಸಾನ ಕಾಲ್ಗುಣ," ಎಂದು ಅಜ್ಜಿ ಊರಿಗೆಲ್ಲ ಪೇಢೆ ಹಂಚಿದಳು. ಇವಳ ಬಾಯಿಗೂ ಒಂದು ಚೂರು ಇಟ್ಟಳು.

ಇಂಥ ಹೆಸರು ಹೊತ್ತು ಬೆಳೆದವಳು ಅವಳು. ಯಾರು ಕರೆದರೂ 'ಬೇಡ' ಅಂದ ಹಾಗೇ ಕೇಳಿಸುತ್ತಿತ್ತು. ಓ ಅನ್ನದೆ ಇರುವಂತಿರಲಿಲ್ಲ, ಅನ್ನುವಾಗಲೆಲ್ಲ ಒಳಗೆ ಏನೋ ಮುದುಡುತ್ತಿತ್ತು.

ವಿಶ್ರಾಮ ಮಾತ್ರ ಅವಳ ಹೆಸರೆತ್ತಲಿಲ್ಲ. ಮೇಡಂ ಅಂದರೆ ಮೇಡಂ, ಅಷ್ಟೇ. ಮಧ್ಯಾಹ್ನ ಚಿಪಳೂಣದಲ್ಲಿ ಇಬ್ಬರೂ ಡಬ್ಬಿ ಬಿಚ್ಚುತ್ತಿದ್ದರು. ಅವಳ ಜೋಳದ ಭಾಕರಿ, ಹಸಿಮೆಣಸಿನ ಠೇಚಾ ಅವನಿಗೆ. ಅವನ ಅಕ್ಕಿ ರೊಟ್ಟಿ, ಒಣಸಿಗಡಿ ಚಟ್ನಿ ಅವಳಿಗೆ.

"ಇಷ್ಟು ಖಾರ ತಿಂದ ನೀವು ಇಷ್ಟು ಸಿಡುಕಿ ಆಗೀರಿ ನೋಡ್ರಿ," ಅನ್ನುತ್ತಿದ್ದ.

"ನೀವು ಬರೀ ಅನ್ನ ತಿಂದ ಇಷ್ಟು ಮೆತ್ತಗಾಗೀರಿ. ಗೇರ್ ಹಾಕೂದೂ ಮೆತ್ತಗ," ಅನ್ನುತ್ತಿದ್ದಳು.

ಒಂದು ದಿನ, ರೊಟ್ಟಿ ಮುರಿಯುತ್ತಾ ತಲೆ ಎತ್ತದೆ ಕೇಳಿದ. "ಮೇಡಂ, ನಮ್ಮ ಮನಿಗೆ ಬರ್ತೀರೇನು?"

"ರಜಾ ಸಿಕ್ಕರ ನೋಡೂಣು."

"ರಜಾದ ಮಾತಲ್ಲ... ಕಾಯಂ."

ಅವಳು ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. "ಮನಿಗೆ ಬಂದು ಕೇಳ್ರಿ," ಅಂದಳು. ಸ್ಟ್ಯಾಂಡಿನ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆಯುವ ನೆಪದಲ್ಲಿ ಮನಸಾರೆ ಅತ್ತಳು.

ಅವಳ ಅಳುವಿನಲ್ಲಿ ಇನ್ನೊಂದು ಆಸೆಯೂ ಇತ್ತು. ನಮ್ಮ ಕಡೆ ಮದುಮಗಳು ಗಂಡನ ಮನೆ ತುಂಬಿದ ದಿನ, ತಾಟಿನಲ್ಲಿ ಅಕ್ಕಿ ಹರವಿ, ಮದುಮಗ ಚಿನ್ನದ ಉಂಗುರದಿಂದ ಅವಳಿಗೊಂದು ಹೊಸ ಹೆಸರು ಬರೆಯುತ್ತಾನೆ. ಅಂದಿನಿಂದ ಆ ಮನೆಯಲ್ಲಿ ಅದೇ ಹೆಸರು. ಅವಳ ಅಕ್ಕಂದಿರಿಗೆ ಅದೊಂದು ಶಾಸ್ತ್ರ, ನಗೆಚಾಟಿಕೆ. ಇವಳಿಗೆ ಬಿಡುಗಡೆ. ಒಂದಲ್ಲ ಒಂದು ದಿನ ಯಾರೋ ಬಂದು ಅಕ್ಕಿಯಲ್ಲಿ ಬೆರಳಾಡಿಸಿ ಈ ಹೆಸರನ್ನು ಅಳಿಸಿಹಾಕುತ್ತಾರೆ ಎಂದೇ ಅವಳು ಇಷ್ಟು ವರ್ಷ ತಾಳಿಕೊಂಡಿದ್ದಳು.

ನಿಶ್ಚಯವಾದ ಮೇಲೆ ತಡೆಯಲಾರದೆ ಕೇಳಿಯೂ ಬಿಟ್ಟಳು. "ಅಕ್ಕಿಯೊಳಗ ಏನು ಬರೀತೀರಿ?"

"ಅದನ್ನ ನಾ ಯಾವತ್ತೋ ನಿಶ್ಚಯ ಮಾಡೀನಿ," ಎಂದ ವಿಶ್ರಾಮ ಹೆಮ್ಮೆಯಿಂದ. "ನೀವು ನೋಡಿ ಖುಷಿ ಆಗ್ತೀರಿ."

ಆ ಮಾತು ನೆನೆದು ನೆನೆದು ಅವಳು ಮದುವೆಯ ತನಕದ ದಿನಗಳನ್ನು ಕಳೆದಳು. ಏನಿರಬಹುದು... ಯಾವ ಹೆಸರಾದರೂ ಆಗಲಿ ದೇವರೇ, ಇದೊಂದು ಬಿಟ್ಟು.

ವಿಶ್ರಾಮನ ಮನೆ ಚಿಪಳೂಣದ ಹತ್ತಿರದ ಹಳ್ಳಿಯಲ್ಲಿ. ಅತ್ತೆಯಿಲ್ಲದ ಮನೆ; ಮನೆ ತುಂಬಿಸಿಕೊಂಡ ಮೇಲೆ ಚಿಕ್ಕತ್ತೆಯೇ ತಾಟು ತಂದು ಮುಂದಿಟ್ಟರು. ಹೆಂಗಸರು ಮುತ್ತಿಕೊಂಡರು. ವಿಶ್ರಾಮ ಉಂಗುರ ಹಿಡಿದು, ನಾಲಿಗೆ ತುದಿ ಕಚ್ಚಿಕೊಂಡು, ಒಂದೊಂದೇ ಅಕ್ಷರ ಬರೆದ. ಅವಳು ಕಣ್ಣು ಮುಚ್ಚಿಕೊಂಡಿದ್ದಳು.

"ಇದೇನೋ ವಿಶ್ರಾಮ," ಎಂದ ಚಿಕ್ಕತ್ತೆಯ ದನಿ ಕೇಳಿ ಕಣ್ಣು ತೆರೆದಳು.

ಅಕ್ಕಿಯಲ್ಲಿ 'ನಕುಸಾ' ಎಂದು ಬರೆದಿತ್ತು.

ಹಿಂದೆ ಯಾರೋ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ವಿಶ್ರಾಮ ಅವಳ ಮುಖವನ್ನೇ ನೋಡುತ್ತಿದ್ದ, ಮೆಚ್ಚುಗೆಗೆ ಕಾಯುವವನ ಹಾಗೆ.

ಅವಳು ತಲೆ ಬಗ್ಗಿಸಿದಳು. ಕಣ್ಣೀರು ಅಕ್ಕಿಯ ಮೇಲೆ ಬಿತ್ತು. ಸಂತೋಷದ ಕಣ್ಣೀರು ಅಂದುಕೊಂಡ, ಪುಣ್ಯಾತ್ಮ.

ನಾಲ್ಕು ದಿನದ ಮೇಲೆ ಪದ್ಧತಿಯಂತೆ ತವರಿಗೆ ಬಂದವಳು ತಿರುಗಿ ಹೋಗಲಿಲ್ಲ. ಡ್ಯೂಟಿಗೂ ಹೋಗಲಿಲ್ಲ. ಫೋನ್ ಬಂದರೆ ಎತ್ತಲಿಲ್ಲ.

"ಅಳಿಯ ಮತ್ತ ಹೇಳಿ ಕಳಿಸ್ಯಾನ," ಎಂದಳು ಅವಳ ತಾಯಿ, ಬೆಳ್ಳುಳ್ಳಿ ಸುಲಿಯುತ್ತಾ. "ಹುಡುಗ ಒಳ್ಳೇಂವ ಅದಾನ. ಹೆಸರಿಂದು ಏನು ದೊಡ್ಡ ಮಾತು?"

"ನಿನಗ ದೊಡ್ಡ ಮಾತಲ್ಲ ಆಯಿ. ಅವರು ಎಲ್ಲಾರ ಮುಂದ, ಹೊಸ ಮನಿಯಾಗ, ನನಗ ಮತ್ತ ಬ್ಯಾಡ ಅಂತ ಬರದ್ರು."

ಆಯಿಯ ಕೈ ನಿಂತಿತು.

"ನೀ ಹುಟ್ಟಿದಾಗ ನಾನೂ ಒಂದು ಹೆಸರು ಮನಸಿನ್ಯಾಗ ಇಟ್ಕೊಂಡಿದ್ದೆ, ಮಗಳ."

ನಕುಸಾ ತಟ್ಟನೆ ತಿರುಗಿದಳು. "ಯಾವುದು ಆಯಿ?"

ಆಯಿ ಬಾಯಿ ತೆರೆದಳು. ಏನನ್ನೋ ಹುಡುಕುವವಳ ಹಾಗೆ ಗೋಡೆ ನೋಡಿದಳು.

"ನೆನಪಾಗವಲ್ದು... ನಿಮ್ಮಜ್ಜಿ ಮುಂದ ಅನ್ನಾಕ ಧೈರ್ಯ ಆಗಲಿಲ್ಲ. ಒಂದು ಸಲಾನೂ ಬಾಯಿಂದ ಅನ್ನಲಿಲ್ಲ ನೋಡು. ಹೋಗಿಬಿಡ್ತು."

ತಾಯಿ ಮಗಳು ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ನಕುಸಾಳಿಗೆ ಆಯಿಯ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ತನಗಾಗಿ ಇದ್ದ ಒಂದೇ ಒಂದು ಹೆಸರು, ಅದೂ ಯಾರಿಗೂ ಕೇಳಿಸದೆ ಸತ್ತುಹೋಗಿತ್ತು.

ಮರುದಿನ ಬೆಳಿಗ್ಗೆ ವಿಶ್ರಾಮನೇ ಬಂದ. ಅಂಗಳದಲ್ಲಿ ಶೇಂಗಾ ಒಣಹಾಕುತ್ತಿದ್ದವಳ ಮುಂದೆ ಬಂದು ನಿಂತ. ಗಡ್ಡ ಬೆಳೆದಿತ್ತು.

"ನನ್ನ ತಪ್ಪೇನು ಮೇಡಂ? ಅದನ್ನ ಹೇಳಿಬಿಡ್ರಿ, ಹೋಗ್ತೀನಿ."

"ಆ ಮೀಸಿಯಂವ ಅಂದಾಗ ಬಸ್ಸು ನಿಲ್ಲಿಸಿದ್ರಿ," ಎಂದಳು ಅವಳು, ಶೇಂಗಾ ಹರಡುತ್ತಲೇ. "ನೀವು ಬರದ್ರಲ್ಲ, ಆಗ ನಾ ಏನು ನಿಲ್ಲಿಸಬೇಕಿತ್ತು?"

ಅವನು ದಂಗಾಗಿ ನಿಂತ. "ಅವತ್ತ ನೀವ ಅಂದ್ರಿ, ನನ್ನ ಹೆಸರು ನಾ ನೋಡ್ಕೋತೀನಿ ಅಂತ. ಎಷ್ಟು ಅಭಿಮಾನ ಅನಸ್ತು ನನಗ. ಅದನ್ನ ಕಸಗೊಳ್ಳಾಕ ನಾ ಯಾರು?"

"ಅಭಿಮಾನ?" ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಅಳು.

ವಿಶ್ರಾಮ ಕಟ್ಟೆಯ ಮೇಲೆ ಕೂತ.

"ನಮ್ಮ ಆಯಿ ಹೆಸರು ಶುಭಾಂಗಿ. ಅದು ಅಪ್ಪ ಅಕ್ಕಿಯೊಳಗ ಬರೆದದ್ದು. ಕಡೀಕ ಕಡೀಕ ಆಕಿಗೆ ಎಲ್ಲಾ ಮರತು ಹೋತು. ಶುಭಾಂಗಿ ಅಂತ ಕೂಗಿದ್ರ ಬಾಗಿಲ ಕಡೆ ನೋಡಾಕಿ, ಬ್ಯಾರೆ ಯಾರನ್ನೋ ಕರದಂಗ. ಒಂದು ದಿನ ನನ್ನ ಕೈ ಹಿಡಿದು ಕೇಳಿದ್ಲು, 'ನನ್ನ ಯಾಕ ಯಾರೂ ಕರೀವಲ್ರು?' ಅಂತ."

ಅವಳ ಕೈ ಶೇಂಗಾದ ಮೇಲೇ ನಿಂತುಹೋಯಿತು.

"ಆಕಿಗೆ ತವರಿನವರು ಇಟ್ಟ ಹೆಸರು ಅಪ್ಪಗ ನೆನಪಿರಲಿಲ್ಲ. ಆಕಿ ಊರಿಗೆ ಹೋಗಿ ಕೇಳಿದೆ, ಗುರವರ ಮನಿ ಸಣ್ಣ ಹುಡುಗಿ ಅಂದ್ರು, ಅಷ್ಟ. ಯಾರೂ ಕರೀದನ ಹೋದ್ಲು ನಮ್ಮ ಆಯಿ. ಅವತ್ತ ಆಣಿ ಮಾಡಿದೆ, ನನ್ನ ಹೆಂಡತಿ ಹೆಸರಿಗೆ ಕೈ ಹಚ್ಚಾಂಗಿಲ್ಲ ಅಂತ."

ಅವಳು ಎದ್ದು ಬಂದು ಅವನ ಪಕ್ಕ ಕೂತಳು. ಸಿಟ್ಟು ಎಲ್ಲಿ ಹೋಯಿತೋ, ಇಬ್ಬರ ಸಂಕಟವೂ ಒಟ್ಟಿಗೆ ಎದೆಗೆ ನುಗ್ಗಿತ್ತು.

"ನಿಮ್ಮ ಆಯಿನ ಆ ತವರಿನ ಹೆಸರಿಂದ ಯಾರೋ ಅಕ್ಕರೆಯಿಂದ ಕರದಿದ್ರು. ಅದಕ್ಕ ಕಡೀತನ ಅದ ಬೇಕು ಅನಸ್ತು. ನನ್ನ ಹೆಸರಿಂದ ನನ್ನ ಯಾರೂ ಕರೀಲಿಲ್ಲ ರೀ. ಬರೇ ದೂಡ್ಯಾರ."

ವಿಶ್ರಾಮ ಅಂಗೈಯಿಂದ ಮುಖ ಒರೆಸಿಕೊಂಡ. "ನಾ ಕೇಳಬೇಕಿತ್ತು. ನಿಮ್ಮನ್ನ ಕೇಳಲೇ ಇಲ್ಲ." ಆಮೇಲೆ ಮೆಲ್ಲಗೆ, "ಈಗ ಕೇಳ್ತೀನಿ. ಏನಂತ ಕರೀಲಿ?"

ಯಾರೂ ಕೇಳಿರದ ಪ್ರಶ್ನೆ ಅದು. ಅವಳು ಯೋಚಿಸಿ ಹೇಳಿದಳು.

"ಸುನೀತಾ."

"ಸುನೀತಾ?" ಅವನು ಅಚ್ಚರಿಪಟ್ಟ. "ನಮ್ಮ ಡಿಪೋದಾಗ ಮೂರು ಮಂದಿ ಸುನೀತಾ ಅದಾರ. ಎಲ್ಲೂ ಇಲ್ಲದಂಥ ಒಂದು ಚೆಂದನ ಹೆಸರು..."

"ಬ್ಯಾಡ. ಎಲ್ಲೂ ಇಲ್ಲದ ಹೆಸರು ಇಷ್ಟು ದಿನ ಇಟ್ಕೊಂಡು ಸಾಕಾಗೇತಿ. ಓಣಿಗೊಬ್ಬಾಕಿ ಇರಬೇಕು. ಯಾರೂ ಅರ್ಥ ಕೇಳಬಾರದು, ಯಾರೂ ತಿರುಗಿ ನೋಡಬಾರದು. ಮಂದಿಯೊಳಗ ನಾನೂ ಒಬ್ಬಾಕಿ ಆಗಬೇಕು."

ಅವನು ತಲೆಯಾಡಿಸಿದ.

ಅವಳ ಆಯಿಯ ಕಾಲು ಮುಟ್ಟಿ ಇಬ್ಬರೂ ಹೊರಟರು. ಬಸ್ ಸ್ಟಾಪಿನ ದಾರಿಯಲ್ಲಿ ಅವಳು ಮುಂದೆ, ಚೀಲ ಹೊತ್ತ ಅವನು ಹಿಂದೆ. ಗಂಟಲು ಸರಿಮಾಡಿಕೊಂಡು ಅವನು ಕರೆದ.

"ಸುನೀತಾ."

ಅವಳು ತಿರುಗಲಿಲ್ಲ, ನಡೆಯುತ್ತಲೇ ಇದ್ದಳು. ಹೆಸರು ಕೂಗಿದರೆ ಬಾಗಿಲ ಕಡೆ ನೋಡುತ್ತಿದ್ದ ತನ್ನ ಆಯಿಯ ಮುಖ ಅವನ ಕಣ್ಣ ಮುಂದೆ ಬಂತು. ಮತ್ತೆ ಕರೆದ, ಸ್ವಲ್ಪ ಜೋರಾಗಿ.

"ಸುನೀತಾ..."

ಅವಳು ನಿಂತಳು. ಆದರೂ ತಿರುಗಲಿಲ್ಲ. ಅವನು ಓಡಿಬಂದು ನೋಡಿದರೆ ಅವಳ ಕೆನ್ನೆ ತುಂಬ ನೀರು.

"ಕೇಳಸಲಿಲ್ಲೇನು?"

"ಮೊದಲನೇ ಸಲಾನ ಕೇಳಸ್ತು," ಅಂದಳು.

"ಮತ್ತ ಯಾಕ ಓ ಅನ್ನಲಿಲ್ಲ?"

"ಓ ಅಂದ್ರ ಕರೆಯೂದು ನಿಲ್ಲಸ್ತೀರಿ. ಇನ್ನೊಮ್ಮೆ ಕರೀರಿ."