ಮಿಣುಕನೂ ಮೂಲೆಯ ಹನ್ನೆರಡೂ

“ಹೋಯ್ತು! ಅಮ್ಮಾ, ಪೂರ್ತಿ ಒಳಗೆ ಹೋಯ್ತು!”

ಗಿಣಿ ಕೂಗಿದ ರಭಸಕ್ಕೆ ಅಪ್ಪನ ಹೊಲಿಗೆ ಮೆಷಿನ್ ಗಕ್ಕನೆ ನಿಂತಿತು. ಮೇಜಿನ ಅಡಿಯಲ್ಲಿದ್ದ ತಂಗಿ ತಲೆ ಹೊರಗೆ ಹಾಕಿದಳು. ಬಟ್ಟೆ ಮಡಚುತ್ತಿದ್ದ ಅಮ್ಮ ಎದ್ದು ಬಂದಳು.

ಮೇಜಿನ ಮೇಲೆ ಒಂದು ಗಿಡ್ಡ ಪ್ಲಾಸ್ಟಿಕ್ ಕೊಳವೆ. ಅದರ ತಳದಲ್ಲಿ ಉಗುರಿನಷ್ಟು ಚಿಕ್ಕದೊಂದು ವಿಡಿಯೋ ಗೇಮ್ ಕಾರ್ಡ್ ಆರಾಮವಾಗಿ ಮಲಗಿತ್ತು.

“ಗೊತ್ತಾಯ್ತಮ್ಮಾ! ಕಾರ್ಡ್ ತುಂಬಾ ಚಿಕ್ಕದು. ನುಂಗಿಬಿಟ್ರೆ ಕಷ್ಟ. ಅದಕ್ಕೇ ಡಬ್ಬಿ ಮೇಲೆ 12+ ಅಂತ ಹಾಕಿದಾರೆ. ನಾನೇನೂ ನುಂಗಲ್ಲ. ಈಗ ಆಡಬಹುದಾ?”

“ಹತ್ತು ವರ್ಷ ತುಂಬಿದ ಮೇಲೂ ಕಾರ್ಡ್ ನುಂಗೋ ಕತ್ತೆ ಯಾವುದೇ?” ಎಂದಳು ಅಮ್ಮ.

ಇಂಥ ತಪ್ಪು ಈ ಮನೆಯಲ್ಲಿ ಮಾತ್ರ ಆಗಲು ಸಾಧ್ಯ. ಅಮ್ಮನ ಕೆಲಸ ಆಟಿಕೆ ಫ್ಯಾಕ್ಟರಿಯ ಟೆಸ್ಟಿಂಗ್ ರೂಮಿನಲ್ಲಿ. ಕರಡಿಗೊಂಬೆಯ ಕಣ್ಣು ಜಗ್ಗುವುದು, ಕಾರಿನ ಚಕ್ರ ತಿರುಚುವುದು, ರೈಲನ್ನು ಎತ್ತರದಿಂದ ಬೀಳಿಸುವುದು ದಿನವಿಡೀ ಅವಳ ಕೆಲಸ. ಮನೆಯಲ್ಲಿ ಮಾಡಿದರೆ ಮಕ್ಕಳಿಗೆ ಬೈಗುಳ, ಅಲ್ಲಿ ಮಾಡಿದರೆ ಅಮ್ಮನಿಗೆ ಸಂಬಳ! ಕಿತ್ತು ಬಂದ ತುಂಡನ್ನು ಇಂಥದೇ ಕೊಳವೆಗೆ ಹಾಕುತ್ತಾರೆ. ಅದು ಪುಟ್ಟ ಮಗುವಿನ ಗಂಟಲಿನ ಅಳತೆಯದು. ತುಂಡು ಪೂರ್ತಿ ಒಳಗೆ ಹೋದರೆ ಡಬ್ಬಿಗೆ 3+ ಎಂಬ ಚೀಟಿ ಅಂಟುತ್ತದೆ. ಹಳೆಯದಾದ ಒಂದು ಕೊಳವೆ ಮನೆಗೆ ಬಂದಿತ್ತು. ಅಪ್ಪ ಅದರಲ್ಲಿ ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣ ಇಡುತ್ತಿದ್ದ.

ಹಾಗಾಗಿ ಡಬ್ಬಿಯ ಮೂಲೆಯಲ್ಲಿ ನಂಬರ್ ಕಂಡರೆ ಗಿಣಿಗೆ ನೆನಪಾಗುವುದು ಗಂಟಲೇ.

“ಗಂಟಲಂತೂ ಅಲ್ಲ,” ಎಂದಳು ಅಮ್ಮ. “ನಿನಗೆ ಹತ್ತು. ಇದರ ಮೇಲೆ ಹನ್ನೆರಡು. ಯಾಕೆ ಹನ್ನೆರಡು ಅಂತ ತಿಳ್ಕೊಂಡು ಬಾ. ಅಲ್ಲಿವರೆಗೂ ಇದು ಬೀರುವಿನಲ್ಲಿರಲಿ.”

ಬೀರುವಿನ ಬಾಗಿಲು ಟಪ್ ಎಂದಿತು. ಗಿಣಿಯ ಮುಖ ಸಪ್ಪಗಾಯಿತು.

ಆಟದ ಹೆಸರು ‘ಏಳು ಬಾಗಿಲ ಕೋಟೆ’. ಕಾಲೇಜಿಗೆ ಹೋಗುವ ದೊಡ್ಡಪ್ಪನ ಮಗ, ತಾನು ಆಡಿ ಮುಗಿಸಿ ಕೊಟ್ಟದ್ದು. ಕ್ಲಾಸಿನಲ್ಲಿ ಈಗ ಅದರದೇ ಮಾತು. ಯಾರು ಯಾವ ಬಾಗಿಲು ದಾಟಿದರು, ಯಾರು ಎಲ್ಲಿ ಸಿಕ್ಕಿಹಾಕಿಕೊಂಡರು! ಅದೂ ಹೋಗಲಿ. ಯಾರ ದನಿಯನ್ನಾದರೂ ಥೇಟ್ ಹಾಗೇ ಹೊರಡಿಸುವುದಕ್ಕೇ ಅವಳಿಗೆ ಗಿಣಿ ಎಂಬ ಹೆಸರು ಬಂದದ್ದು. ಹೆಡ್‌ಮಿಸ್ಸಿನ ಕೆಮ್ಮು, ಬಸ್ಸಿನ ಬ್ರೇಕು, ಕೀಲಿಗೆ ಎಣ್ಣೆ ಕಾಣದ ಬಾಗಿಲು, ಎಲ್ಲವೂ ಅವಳ ನಾಲಿಗೆಯ ಮೇಲಿದ್ದವು. ಆದರೆ ಮೊನ್ನೆ ಊಟದ ಬಿಡುವಿನಲ್ಲಿ ಪಕ್ಕದ ಬೆಂಚಿನ ಹುಡುಗಿ ಕೋಟೆಯ ಕಾವಲುಗಾರನ ದನಿ ತೆಗೆದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಗಿಣಿಗೆ ಆ ದನಿಯೇ ಗೊತ್ತಿರಲಿಲ್ಲ. ತನ್ನ ಕುರ್ಚಿಯಲ್ಲಿ ಬೇರೆ ಯಾರೋ ಬಂದು ಕೂತಂತಾಗಿತ್ತು.

ಸರಿ, ಹನ್ನೆರಡರ ಗುಟ್ಟು ಹುಡುಕಲು ಗಿಣಿ ಹೊರಟಳು. ಹಿಂದೆಯೇ ತಂಗಿಯೂ ಹೊರಟಳು. ಆರು ವರ್ಷದ ಅವಳು ಅಕ್ಕ ಹೋದಲ್ಲೆಲ್ಲ ಹೋಗುವುದರಿಂದ ಮನೆಯವರು ಅವಳನ್ನು ಬಾಲ ಎಂದೇ ಕರೆಯುತ್ತಿದ್ದರು.

ಮೊದಲು ಅಪ್ಪ. ಅವನು ಶಾಲೆಯ ಯೂನಿಫಾರ್ಮ್ ಹೊಲಿಯುವ ಟೈಲರ್.

“ಹನ್ನೆರಡಾ? ಅದು ಸೈಜು ಕಣಮ್ಮ,” ಎಂದ ಅಪ್ಪ, ಬಾಯಲ್ಲಿದ್ದ ಗುಂಡುಸೂಜಿ ತೆಗೆಯದೆ. “ಹತ್ತರವಳಿಗೆ ಸ್ವಲ್ಪ ಸಡಿಲ ಆಗುತ್ತೆ. ಒಳಗೆ ಒಂದು ಮಡಿಕೆ ಹಾಕಿದ್ರೆ ಆಯ್ತು. ಬೆಳೀತಾ ಬೆಳೀತಾ ಸರಿಹೋಗುತ್ತೆ.”

“ಆಟಕ್ಕೆ ಮಡಿಕೆ ಹೇಗೆ ಹಾಕ್ತಾರಪ್ಪಾ?”

ಅಪ್ಪ ಯೋಚಿಸಿದ. “ಅದನ್ನ ನಿಮ್ಮಮ್ಮನ್ನೇ ಕೇಳು.”

ಆಮೇಲೆ ದೊಡ್ಡಪ್ಪನ ಮಗ. ಫೋನಿನಲ್ಲಿ ಅವನು ಹೇಳಿದ, “ಅಯ್ಯೋ, ಅದ್ರಲ್ಲಿ ಪಜಲ್ ಕಷ್ಟ ಇರುತ್ತೆ ಕಣೇ. ನಿನಗೆ ಭಾಗಾಕಾರ ಬರುತ್ತಾ? ಬರುತ್ತೆ ಅಂದ್ರೆ ನೀನು ಹನ್ನೆರಡೇ. ಆಡು.”

ಕೊನೆಗೆ ಬೀದಿ ತಿರುವಿನ ಗೇಮ್ ಅಂಗಡಿ. ಅಂಗಡಿಯವನು ಮೂಗಿನಲ್ಲೇ ಮಾತಾಡುವವನು.

“ರಕ್ತ ಕಂಡ್ರೆ ದೊಡ್ಡ ನಂಬರ್. ಹೊಡೆದಾಟ ಇದ್ದು ರಕ್ತ ಕಾಣದಿದ್ರೆ ಹನ್ನೆರಡು. ಇದ್ರಲ್ಲಿ ರಾಕ್ಷಸರನ್ನ ಹೊಡೆದ್ರೆ ಪುಸ್ ಅಂತ ಹೊಗೆ ಆಗ್ತಾರೆ, ಅಷ್ಟೇ.”

“ಹಾಗಾದ್ರೆ ಅಂಕಲ್, ಹತ್ತಕ್ಕೂ ಹನ್ನೆರಡಕ್ಕೂ ವ್ಯತ್ಯಾಸ ಏನು?”

“ಎರಡು,” ಎಂದ ಅವನು.

ಗಿಣಿ ಮನೆಗೆ ಬಂದು ಮೂವರ ದನಿಯಲ್ಲೂ ಮೂರು ಉತ್ತರ ಒಪ್ಪಿಸಿದಳು. ಅಪ್ಪನ ದನಿಗೆ ಬಾಯಲ್ಲಿ ಗುಂಡುಸೂಜಿ ಇದ್ದಂತೆ ತುಟಿ ಬಿಗಿದಳು. ಅಂಗಡಿಯವನ “ಎರಡು” ಕೇಳಿ ಅಮ್ಮ ಹೊಟ್ಟೆ ಹಿಡಿದು ನಕ್ಕಳು. ಗಿಣಿಗೆ ಮಾತ್ರ ನಗು ಬರಲಿಲ್ಲ. ಕೇಳುವ ಮೊದಲು ತಲೆಯಲ್ಲಿ ಒಂದೇ ಗಂಟು ಇತ್ತು. ಈಗ ಮೂರು.

“ಸರಿ,” ಎಂದಳು ಅಮ್ಮ. “ಭಾನುವಾರ ನಾವೇ ಟೆಸ್ಟ್ ಮಾಡೋಣ.”

ಭಾನುವಾರ ಮಧ್ಯಾಹ್ನ ಕಾರ್ಡ್ ಬೀರುವಿನಿಂದ ಹೊರಬಂತು. ಗಿಣಿ ರಿಮೋಟ್ ಹಿಡಿದು ಚಾಪೆಯ ಮೇಲೆ ಕೂತಳು. ಬಾಲ ಅವಳ ತೋಳಿಗೆ ಅಂಟಿಕೊಂಡು ಕೂತಳು. ಅಮ್ಮ ಒಂದು ಸ್ಟೂಲ್ ತಂದು, ಟೀವಿಗೆ ಬೆನ್ನು ಹಾಕಿ, ಇಬ್ಬರಿಗೂ ಎದುರಾಗಿ ಕೂತಳು.

“ಅಮ್ಮಾ, ಟೀವಿ ಆ ಕಡೆ ಇದೆ!”

“ನನಗೆ ಗೊತ್ತು.”

“ಆಟ ನೋಡದೇ ಟೆಸ್ಟ್ ಹೇಗೆ ಮಾಡ್ತೀಯ?”

“ನಮ್ಮ ರೂಮಲ್ಲಿ ಕೊನೇ ಟೆಸ್ಟ್ ಹೀಗೇ ಇರೋದು. ಗೊಂಬೆಯನ್ನ ಮಕ್ಕಳ ಕೈಗೆ ಕೊಟ್ಟುಬಿಟ್ಟು ಮಕ್ಕಳ ಮುಖ ನೋಡ್ತೀವಿ. ಗೊಂಬೆಯನ್ನ ಆಗಲೇ ಸಾಕಷ್ಟು ನೋಡಿರ್ತೀವಲ್ಲ.”

ವಿಚಿತ್ರ ಅನಿಸಿತು. ಆದರೆ ವಾದ ಮಾಡಿ ಕಾರ್ಡ್ ಮತ್ತೆ ಬೀರು ಸೇರಿದರೆ? ಗಿಣಿ ಗುಂಡಿ ಒತ್ತಿದಳು.

ಪರದೆಯ ಮೇಲೆ ಒಬ್ಬ ದಾರಿಹೋಕ. ಅವನ ಹಿಂದೆ ಒಂದು ನರಿಮರಿ, ಹೆಸರು ಮಿಣುಕ. ಅದರ ಬಾಲದ ತುದಿಯಲ್ಲಿ ಕಿತ್ತಳೆ ಬಣ್ಣದ ಪುಟ್ಟ ಬೆಳಕು. ದಾರಿಹೋಕ ನಿಂತರೆ ಅದೂ ನಿಲ್ಲುತ್ತಿತ್ತು, ಓಡಿದರೆ ಓಡುತ್ತಿತ್ತು, ನಡುನಡುವೆ “ಪ್ಚೀ” ಎಂದು ಸೀನುತ್ತಿತ್ತು.

“ಅಕ್ಕಾ, ಇದೂ ಬಾಲ! ನನ್ನ ಥರಾನೇ!” ಎಂದು ತಂಗಿ ಚಪ್ಪಾಳೆ ತಟ್ಟಿದಳು.

ಮರದಷ್ಟು ಎತ್ತರದ ರಾಕ್ಷಸ ಬಂದಾಗ ಗಿಣಿ ಒಂದು ಸಲ ಬೆಚ್ಚಿದಳು. ಕೋಲಿನಿಂದ ಹೊಡೆದದ್ದೇ ತಡ, ಪುಸ್! ಹೊಗೆ. ಬಾಲ ಕೇಕೆ ಹಾಕಿ ನಕ್ಕಳು. “ಇನ್ನೊಂದು ಸಲ ಪುಸ್ ಮಾಡಕ್ಕಾ!” ಅಮ್ಮ ಇಬ್ಬರ ಮುಖವನ್ನೂ ನೋಡುತ್ತ ತಲೆದೂಗಿದಳು.

ಅಷ್ಟರಲ್ಲಿ ಒಳಗಿನಿಂದ ಅಪ್ಪ ಕರೆದ. “ಈ ಬಟ್ಟೆ ಅಂಚು ಸ್ವಲ್ಪ ಹಿಡ್ಕೋ ಬಾರೇ, ಜಾರಿ ಜಾರಿ ಹೋಗ್ತಿದೆ.” ಅಮ್ಮ ಎದ್ದು ಹೋದಳು. ಸ್ಟೂಲ್ ಖಾಲಿಯಾಯಿತು.

ಆಗಲೇ ಮೂರನೇ ಬಾಗಿಲು ಬಂತು. ಬಾಗಿಲ ಮುಂದೆ ಕಲ್ಲಿನ ಕಾವಲುಗಾರ.

“ಜೊತೆಗೆ ಬಂದವರನ್ನು ಇಲ್ಲೇ ಬಿಟ್ಟು ಹೋಗು. ಬಾಗಿಲು ತೆರೆಯುತ್ತೇನೆ,” ಎಂದ, ಬಾವಿಯೊಳಗಿಂದ ಮಾತಾಡಿದಂತೆ.

ಗಿಣಿಗೆ ರೋಮಾಂಚನವಾಯಿತು. ಇದೇ, ಇದೇ ಆ ದನಿ! ‘ಬಿಟ್ಟು ಹೋಗು’ ಎಂಬ ಗುಂಡಿಯನ್ನು ಪಟ್ಟನೆ ಒತ್ತಿದಳು. ಬಾಗಿಲು ಗರಗರ ತೆರೆಯಿತು. ದಾರಿಹೋಕ ಒಳಗೆ ಹೋದ. ಮಿಣುಕ ಹೊಸ್ತಿಲ ಆಚೆಯೇ ಕೂತು ಕತ್ತು ತಿರುಗಿಸಿ ನೋಡಿತು. ಕಿತ್ತಳೆ ಬೆಳಕು ಚಿಕ್ಕದಾಗುತ್ತ ಹೋಯಿತು.

“ಜೊತೆಗೆ ಬಂದವರನ್ನು ಇಲ್ಲೇ ಬಿಟ್ಟು ಹೋಗೂಊ!” ಗಿಣಿ ಗಂಟಲು ದಪ್ಪ ಮಾಡಿ ಅಭ್ಯಾಸ ಮಾಡಿದಳು. “ಹೇಗಿತ್ತೇ? ಥೇಟ್ ಅವನೇ ಅಲ್ವಾ?”

ಬಾಲ ನಗಲಿಲ್ಲ.

“ಯಾಕೆ, ಹೆದರಿಕೆ ಆಯ್ತಾ?”

“ಇಲ್ಲ.”

ನಿಜ, ಮುಖದಲ್ಲಿ ಹೆದರಿಕೆ ಇರಲಿಲ್ಲ. ಅಳುವೂ ಇರಲಿಲ್ಲ. ಬೇರೆ ಏನೋ ಇತ್ತು. ಅದು ಏನೆಂದು ನೋಡುವಷ್ಟರಲ್ಲಿ ಒಳಗಿನಿಂದ ಇನ್ನೊಬ್ಬ ರಾಕ್ಷಸ ಬಂದ. ಗಿಣಿ ಪರದೆಯ ಕಡೆ ತಿರುಗಿದಳು.

ಅಮ್ಮ ವಾಪಸ್ ಬಂದು ಕೇಳಿದಳು, “ನಾನಿಲ್ಲದಾಗ ಏನಾದ್ರೂ ಆಯ್ತಾ?”

“ಏನಿಲ್ಲಮ್ಮ. ರಾಕ್ಷಸ ಇಲ್ಲ, ಹೊಡೆದಾಟ ಇಲ್ಲ. ಬರೀ ಒಂದು ಬಾಗಿಲು.”

“ಹಾಗಾದ್ರೆ ಪಾಸ್,” ಎಂದಳು ಅಮ್ಮ.

ಮಾರನೆಯ ದಿನ ಬೆಳಿಗ್ಗೆ ಶಾಲೆ. ಚಿಕ್ಕ ಮಕ್ಕಳಿಗೆ ಒಂದು ಗೇಟು, ದೊಡ್ಡವರಿಗೆ ಇನ್ನೊಂದು. ದಿನಾ ಬಾಲ ಗೇಟು ಕಂಡೊಡನೆ ಅಕ್ಕನ ಕೈ ಕೊಡವಿ ಓಡಿಬಿಡುತ್ತಿದ್ದಳು. ಇವತ್ತು ಅಕ್ಕನ ಬ್ಯಾಗಿನ ಪಟ್ಟಿ ಹಿಡಿದು ನಿಂತಳು.

“ಬಿಡೇ, ಬೆಲ್ ಹೊಡೆಯುತ್ತೆ.”

“ಅಕ್ಕಾ, ನಿನ್ನ ಗೇಟ್ ತೆಗೀಬೇಕು ಅಂದ್ರೆ ನನ್ನ ಇಲ್ಲಿ ಬಿಟ್ಟು ಹೋಗ್ಬೇಕಾ?”

“ಏನೇ ಇದು? ದಿನಾ ಬಿಟ್ಟೇ ಹೋಗ್ತೀನಲ್ಲ!”

ಬಾಲ ಪಟ್ಟಿ ಬಿಟ್ಟಳು. ನಿಧಾನವಾಗಿ ನಾಲ್ಕು ಹೆಜ್ಜೆ ನಡೆದು, ಕತ್ತು ತಿರುಗಿಸಿ ನೋಡಿದಳು.

ಗಿಣಿ ನಿಂತಲ್ಲೇ ನಿಂತಳು. ಆ ಕತ್ತು, ಆ ನೋಟ. ಎಲ್ಲಿ ನೋಡಿದ್ದೆನೆಂದು ಕೇಳಿಕೊಳ್ಳಬೇಕಾದದ್ದೇ ಇರಲಿಲ್ಲ.

ಊಟದ ಬಿಡುವಿನಲ್ಲಿ ಗಿಣಿ ಕಾವಲುಗಾರನ ದನಿ ತೆಗೆದಳು. ಬೆಂಚೆಲ್ಲ ನಕ್ಕಿತು. ಪಕ್ಕದ ಬೆಂಚಿನ ಹುಡುಗಿಯೂ ಸೋಲೊಪ್ಪಿ, “ಇನ್ನೊಂದು ಸಲ, ಇನ್ನೊಂದು ಸಲ!” ಎಂದಳು. ಇದಕ್ಕಾಗಿಯೇ ಅಲ್ಲವೇ ಇಷ್ಟು ದಿನ ಕಾದದ್ದು? ಗಿಣಿ ಬಾಯಿ ತೆರೆದಳು. ‘ಜೊತೆಗೆ ಬಂದವರನ್ನು’ ಎನ್ನುವಷ್ಟರಲ್ಲಿ ದನಿ ಕೈಕೊಟ್ಟಿತು.

“ಅದಿರಲಿ, ಮಿಣುಕನ್ನ ಬಿಟ್ಟಾಗ ನಿನಗೆ ಏನನ್ನಿಸ್ತು?” ಎಂದು ಅವಳನ್ನೇ ಕೇಳಿದಳು.

“ಅನ್ನಿಸೋದೇನು? ಏಳನೇ ಬಾಗಿಲಲ್ಲಿ ಅದು ವಾಪಸ್ ಸಿಗುತ್ತಲ್ಲ! ನಿನಗೆ ಗೊತ್ತಿಲ್ವಾ?”

ಅಬ್ಬಾ! ಗಿಣಿಗೆ ಹೋದ ಜೀವ ಬಂದಂತಾಯಿತು. ಶಾಲೆ ಬಿಟ್ಟೊಡನೆ ಚಿಕ್ಕ ಗೇಟಿಗೆ ಓಡಿದಳು.

“ಬಾಲಾ! ಮಿಣುಕ ವಾಪಸ್ ಸಿಗುತ್ತಂತೆ ಕಣೇ, ಏಳನೇ ಬಾಗಿಲಲ್ಲಿ!”

ಬಾಲ ಅಕ್ಕನ ಬ್ಯಾಗಿನ ಪಟ್ಟಿ ಹಿಡಿದಳು.

“ಅದಕ್ಕೆ ಗೊತ್ತಾ?”

“ಯಾರಿಗೆ?”

“ಮಿಣುಕಂಗೆ. ಅಲ್ಲಿ ಕೂತಿದೆಯಲ್ಲ. ವಾಪಸ್ ಸಿಗ್ತೀನಿ ಅಂತ ಅದಕ್ಕೆ ಗೊತ್ತಾ?”

ಗಿಣಿ ಉತ್ತರ ಹುಡುಕಿದಳು. ಅಪ್ಪನ ದನಿಯಲ್ಲಿಯೂ ಹೊಳೆಯಲಿಲ್ಲ, ಅಂಗಡಿಯವನ ದನಿಯಲ್ಲಿಯೂ ಹೊಳೆಯಲಿಲ್ಲ. ಇಬ್ಬರೂ ಮನೆಗೆ ನಡೆದರು. ಬಾಲ ದಾರಿಯುದ್ದಕ್ಕೂ ಪಟ್ಟಿ ಬಿಡಲಿಲ್ಲ.

ಸಂಜೆ ಅಮ್ಮ ಕೆಲಸದಿಂದ ಬಂದು ಚಪ್ಪಲಿ ಬಿಡುವಾಗ ಗಿಣಿ ಬಾಗಿಲಲ್ಲೇ ನಿಂತಿದ್ದಳು. ಹೇಳಿದರೆ ಕಾರ್ಡ್ ಬೀರುವಿಗೆ ಹೋಗಬಹುದು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

“ಅಮ್ಮಾ, ನೀನು ಒಳಗೆ ಹೋಗಿದ್ದಾಗ ಒಂದಾಯ್ತು,” ಎಂದಳು. ಎಲ್ಲ ಹೇಳಿದಳು. ಬಾಗಿಲು, ಗುಂಡಿ, ಶಾಲೆಯ ಗೇಟು, ‘ಅದಕ್ಕೆ ಗೊತ್ತಾ’. ಒಂದು ಮಾತನ್ನೂ ಯಾರ ದನಿಯಲ್ಲೂ ಹೇಳಲಿಲ್ಲ, ತನ್ನ ದನಿಯಲ್ಲೇ ಹೇಳಿದಳು.

ಅಮ್ಮ ಚಪ್ಪಲಿ ಬದಿಗಿಟ್ಟಳು. ಆಮೇಲೆ ಕೈಚೀಲದಿಂದ ಫ್ಯಾಕ್ಟರಿಯ ಒಂದು ಖಾಲಿ ಚೀಟಿ ತೆಗೆದಳು.

“ಟೆಸ್ಟ್ ಮಾಡಿದವಳು ನೀನು. ನಂಬರ್ ನೀನೇ ಬರಿ.”

ಗಿಣಿ ಪೆನ್ಸಿಲ್ ಹಿಡಿದಳು. ಆರು ಬರೆಯೋಣವೆಂದರೆ ಆರಕ್ಕೆ ಕಷ್ಟವಾಗಿದೆ. ಹನ್ನೆರಡು ಬರೆಯೋಣವೆಂದರೆ, ಆರಕ್ಕೆ ಹೊಳೆದದ್ದು ಹನ್ನೆರಡು ದಾಟಿದ ಯಾರಿಗೂ ಹೊಳೆದಿಲ್ಲ. ಹತ್ತು? ಹತ್ತು ನಾನೇ. ಗುಂಡಿ ಒತ್ತಿದವಳೂ ನಾನೇ. ಪೆನ್ಸಿಲ್ ಗಾಳಿಯಲ್ಲೇ ನಿಂತಿತು.

“ಗೊತ್ತಾಗ್ತಿಲ್ಲಮ್ಮ.”

“ನನಗೂ ಒಂದೊಂದು ದಿನ ಗೊತ್ತಾಗಲ್ಲ,” ಎಂದಳು ಅಮ್ಮ, ಕೂದಲು ಬಿಚ್ಚಿ ಗಂಟು ಕಟ್ಟಿಕೊಳ್ಳುತ್ತ. “ಆಗ ಇನ್ನೊಂದು ಸಲ ಕೂತು ನೋಡ್ತೀವಿ.”

ಗಿಣಿ ಒಳಗೆ ಹೋಗಿ ಟೀವಿ ಹಾಕಿದಳು. ಮೂರನೇ ಬಾಗಿಲಿಗಿಂತ ಹಿಂದೆ, ಮಿಣುಕ ಇನ್ನೂ ಜೊತೆಗಿದ್ದ ಜಾಗದಿಂದ ಆಟ ತೆರೆದಳು. ರಿಮೋಟನ್ನು ಬಾಲಳ ಕೈಗೆ ಕೊಟ್ಟಳು. ಸ್ಟೂಲ್ ಎಳೆದು, ಟೀವಿಗೆ ಬೆನ್ನು ಹಾಕಿ ಕೂತಳು.

“ಅಕ್ಕಾ, ಟೀವಿ ಆ ಕಡೆ ಇದೆ!”

“ನನಗೆ ಗೊತ್ತು.”

ಹಿಂದೆ ಎಲ್ಲೋ “ಪ್ಚೀ” ಎಂದು ಸೀನಿದ್ದು ಕೇಳಿತು. ಎದುರಿಗೆ ಬಾಲಳ ಹಲ್ಲು ಕಂಡಿತು. ಮುಂದಿನ ಎರಡು ಹಲ್ಲು ಬಿದ್ದಿವೆ ಎಂದು ಗಿಣಿಗೆ ಗೊತ್ತಿತ್ತು. ಅಲ್ಲಿ ಆಗಲೇ ಹೊಸದೊಂದರ ಬಿಳಿ ಅಂಚು ಇಣುಕುತ್ತಿದ್ದದ್ದು ಮಾತ್ರ ಇವತ್ತೇ ಕಂಡದ್ದು. ಪುಸ್ ಎಂಬ ಸದ್ದು, ಕೇಕೆ. ಮತ್ತೆ ಪುಸ್.

ಆಮೇಲೆ ಬಾಲಳ ಕೆನ್ನೆಯ ಮೇಲೆ ಕಲ್ಲಿನ ಬಣ್ಣದ ನೆರಳು ಬಿತ್ತು. ಬಾವಿಯೊಳಗಿನ ದನಿ ಮಾತಾಡಿತು. ಬಾಲಳ ಹೆಬ್ಬೆರಳು ಗುಂಡಿಯ ಮೇಲೆ ಹೋಗಿ ನಿಂತಿತು. ತಿರುಗಿ ನೋಡಬೇಕೆಂದು ಗಿಣಿಯ ಕತ್ತು ತವಕಿಸಿತು. ಅವಳು ತಿರುಗಲಿಲ್ಲ.

“ಬಾಗಿಲು ಬಂತಾ?”

“ಹೂಂ.”

“ತೆಗೀತೀಯಾ?”

ಬಾಲ ತುಂಬಾ ಹೊತ್ತು ಯೋಚಿಸಿದಳು. “ಇವತ್ತು ಬೇಡ,” ಎಂದಳು.

“ಸರಿ,” ಎಂದಳು ಗಿಣಿ.

ಹೆಬ್ಬೆರಳು ಗುಂಡಿಯಿಂದ ಸರಿಯಿತು. ಕಲ್ಲಿನ ನೆರಳು ಮೆಲ್ಲಗೆ ಕೆನ್ನೆಯಿಂದ ಜಾರಿತು. ಅದರ ಜಾಗಕ್ಕೆ ಚಿಕ್ಕದೊಂದು ಕಿತ್ತಳೆ ಬೆಳಕು ಬಂದು, ಬಾಲ ಆಟದಲ್ಲಿ ಹೋದ ಕಡೆಯೆಲ್ಲ ಹಿಂದೆ ಹಿಂದೆಯೇ ಹೊರಟಿತು.