ಪರಸೋಂ ಮಾರಿದ ಕಾಸಿನ ಸರ

"ಅಕ್ಕಾರ, ನಾ ಕಳ್ಳಿ ಅಲ್ಲರಿ" ಎಂದಷ್ಟೇ ಹೇಳಿ ಗದಿಗೆಮ್ಮ ಬಾಗಿಲಲ್ಲೇ ಕುಸಿದು ಕೂತಳು.

ಶಿವಗಂಗಾ ಕನ್ನಡಕ ತೆಗೆದಿಟ್ಟರು. ಕೋರ್ಟಿನಲ್ಲಿ ದುಭಾಷಿಯಾಗಿ ನಿವೃತ್ತರಾದ ಅವರ ಬಳಿಗೆ ಹೈದರಾಬಾದಿನ ಸನತ್‌ನಗರದ ಕನ್ನಡ ಮನೆಗಳ ಒಗಟುಗಳೆಲ್ಲ ಬರುತ್ತಿದ್ದವು. ಮೇಲಿನ ಮನೆಯ ಕೃಪಾ ಅಂಥ ಹಲವನ್ನು ಪಕ್ಕದಲ್ಲಿ ಕೂತು ನೋಡಿದ್ದಳು. ಈ ಸಲ ಅವಳಿಗೆ ಕೂರುವುದು ಕಷ್ಟವಾಯಿತು. ಗದಿಗೆಮ್ಮ ಅವಳ ಮನೆಯಲ್ಲೂ ಕೆಲಸ ಮಾಡುತ್ತಿದ್ದಳು; ಕಳ್ಳತನದ ಸುದ್ದಿ ಕೇಳಿದೊಡನೆ ಕೃಪಾಳ ಕೈ ತಾನಾಗಿ ಕಪಾಟಿನ ಬೀಗ ಮುಟ್ಟಿ ನೋಡಿತ್ತು.

ಗದಿಗೆಮ್ಮ ಹೇಳಿದಳು. ಎದುರು ಕಟ್ಟಡದ ಮನೋಜನ ತಾಯಿ, ಮೈಸೂರಿನ ಜಯಮ್ಮ, ಹಡಗಿನ ಪ್ರವಾಸ ಮುಗಿಸಿ ಮಗನ ಮನೆಯಲ್ಲಿ ಇಳಿದುಕೊಂಡಿದ್ದರು. ಹಡಗು ವಿಶಾಖಪಟ್ಟಣದಲ್ಲಿ ನಿಂತಾಗ ಉಳಿದವರು ಟ್ಯಾಕ್ಸಿ ಹಿಡಿದರೆ ಈಕೆ ಲೋಕಲ್ ಬಸ್ಸಿನಲ್ಲಿ ಊರೆಲ್ಲ ಸುತ್ತಿದ್ದರಂತೆ.

"ಇಲ್ಲೂ ಹಂಗ ನೋಡೂಣು ಬಾ ಅಂದ್ರು. ಶುಕ್ರವಾರ ಚಾರ್‌ಮಿನಾರಿಗೆ ಹೊಂಟ್ವಿ. ಸೊಸಿ ದೀಪಾಲಿ ಬಾಯಾರು ಬೀರು ತಗದು, ಕಾಸಿನ ಸರದ ಡಬ್ಬಿ ಅತ್ತಿ ಚೀಲದಾಗ ಇಟ್ರು. ಮನ್ಯಾಗ ಯಾರೂ ಇರಂಗಿಲ್ಲ, ನಿಮ್ಮ ಹತ್ರನ ಇರಲಿ ಅಂದ್ರು. ಬಸ್‌ನ್ಯಾಗ ಚೀಲ ನಾನ ಹಿಡಕೊಂಡಿದ್ದೆ."

"ಡಬ್ಬಿ ತೆರೆದು ನೋಡಿದ್ರಾ?" ಶಿವಗಂಗಾ ಕೇಳಿದರು.

"ಇಲ್ಲರಿ. ಅಮ್ಮಾರಿಗೆ ಊರು ನೋಡೋದ್ರಾಗ ಬ್ಯಾರೆ ಖಬರ ಇದ್ದಿದ್ದಿಲ್ಲ. ಬಂಗಾರದ ಗಲ್ಲಿ ಶುಕ್ರವಾರ ಪೂರಾ ಬಂದ್. ಮುಚ್ಚಿದ ಅಂಗಡಿ ಕಟ್ಟಿ ಮ್ಯಾಲೆ ಕುಂತು ಚಾ ಕುಡದ್ವಿ."

ಮಾರನೆಯ ದಿನ ಡಬ್ಬಿ ತೆರೆದರೆ ಖಾಲಿ. ಇವತ್ತು, ಭಾನುವಾರ, ಮನೋಜ ತಾಯಿಯೊಂದಿಗೆ ಅದೇ ಗಲ್ಲಿಗೆ ಹೋದಾಗ ಸರ ಒಂದು ಅಂಗಡಿಯ ಗಾಜಿನೊಳಗಿತ್ತು. "ಪರಸೋಂ ಏಕ್ ಔರತ್ ಬೇಚ್ ಕೇ ಗಯೀ" ಎಂದಿದ್ದ ಅಂಗಡಿಯವನು; ಯಾರೋ ಹೆಂಗಸು ಬಂದು ಮಾರಿ ಹೋದಳಂತೆ. ಪರಸೋಂ ಎಂದರೆ ಮೊನ್ನೆ, ಮೊನ್ನೆ ಎಂದರೆ ಶುಕ್ರವಾರ. ಸಂಜೆಯೊಳಗೆ ಸರ ಮಾರಿದ್ದನ್ನು ಒಪ್ಪದಿದ್ದರೆ ಪೊಲೀಸರಿಗೆ ಒಪ್ಪಿಸುತ್ತೇನೆ ಎಂದು ಮನೋಜ ಮಹಡಿ ಮಹಡಿಗೂ ಕೇಳುವಂತೆ ಕೂಗಾಡಿದ್ದ.

"ಕೃಪಾ, ಚಪ್ಪಲಿ ಹಾಕ್ಕೋ."

ಅಂಗಡಿಯಲ್ಲಿ ಶಿವಗಂಗಾ ಕೇಳಿದ್ದು ಒಂದೇ ಪ್ರಶ್ನೆ: ಪರಸೋಂ ಎಂದರೆ ಯಾವಾಗ? ಅವನು ತಲೆ ಕೆರೆದುಕೊಂಡ. "ಛತ್ರಿ ಲೇಕೇ ಆಯೀ ಥೀ, ಅಮ್ಮಾ. ಪೂರಾ ದುಕಾನ್ ಗೀಲಾ ಕರ್ ದೀ." ಅವಳ ಛತ್ರಿಯ ನೀರಿಗೆ ಅಂಗಡಿಯೆಲ್ಲ ಒದ್ದೆಯಾಗಿತ್ತಂತೆ.

ಸಂಜೆ ಎಲ್ಲರೂ ಮನೋಜನ ಮನೆಯಲ್ಲಿ ಸೇರಿದರು. ಗದಿಗೆಮ್ಮ ನೆಲದ ಮೇಲೆ ಕೂತಳು. ಕೃಪಾ ಹೋಗಿ ಅವಳ ಪಕ್ಕದಲ್ಲಿ ಕೂತಳು.

"ಮನೋಜ್, ನೀವು ಹಿಂದಿ ಕಲಿತದ್ದು ಶಾಲೆಯಲ್ಲಿ" ಎಂದರು ಶಿವಗಂಗಾ. "ಈ ಊರಿನಲ್ಲಿ ಕಳೆದುಹೋದ ಯಾವ ದಿನವಾದರೂ ಪರಸೋಂ. ಹತ್ತು ವರ್ಷದ ಹಿಂದಿನ ಮದುವೆಯೂ ಪರಸೋಂ. ಶುಕ್ರವಾರ ಆ ಗಲ್ಲಿ ಪೂರ್ತಿ ಮುಚ್ಚಿತ್ತು, ಅವತ್ತು ಯಾರೂ ಅಲ್ಲಿ ಏನೂ ಮಾರಲಾರರು. ಮಾರಿದವಳು ಒದ್ದೆ ಛತ್ರಿ ಹಿಡಿದು ಬಂದಿದ್ದಳು. ಈಗ ಜನವರಿ. ಮಳೆಗಾಲದಲ್ಲಿ ಸರ ಎಲ್ಲಿತ್ತು?"

"ಇಲ್ಲೇ. ಯುಗಾದಿಗೆ ಬಂದಾಗ ದೀಪಾಲಿ ಕೈಗೆ ಕೊಟ್ಟು ಹೋಗಿದ್ದೆ" ಎಂದರು ಜಯಮ್ಮ.

"ಹಾಗಾದರೆ ಬಸ್ಸು ಹತ್ತಿದ್ದು ಖಾಲಿ ಡಬ್ಬಿ. ಕಾಸಿನ ಸರದ ಭಾರ ಎತ್ತಿದ ಕೈಗೆ ತಿಳಿಯದೇ ಇರುತ್ತದೆಯೇ? ಬೀರುವಿನಿಂದ ಎತ್ತಿದ್ದು ದೀಪಾಲಿ. ಮನೆಯಲ್ಲಿಡಲು ಹೆದರಿದ ಚಿನ್ನವನ್ನು ಯಾರೂ ಸಿಟಿ ಬಸ್ಸಿಗೆ ಹತ್ತಿಸುವುದಿಲ್ಲ, ಅಲ್ಲಿ ಕಳೆದುಹೋಯಿತು ಅನ್ನಿಸಬೇಕಿದ್ದರೆ ಮಾತ್ರ. ಇನ್ನೊಂದು. ಈ ಮನೆಯಲ್ಲಿ ಹೈದರಾಬಾದಿನಲ್ಲೇ ಹುಟ್ಟಿ ಬೆಳೆದವಳು ಅವಳೊಬ್ಬಳೇ. ಪರಸೋಂ ಎಂಬ ಮಾತಿಗೆ ಗಂಡ ಹೇಳಿದ ಅರ್ಥ ತಪ್ಪೆಂದು ಅವಳಿಗೆ ಗೊತ್ತಿತ್ತು. ಸುಮ್ಮನಿದ್ದಳು."

ದೀಪಾಲಿ ಗಂಡನನ್ನೇ ನೋಡಿದಳು. "ನಮ್ಮಮ್ಮನ ಆಪರೇಷನ್‌ಗೆ ದುಡ್ಡು ಕೇಳಿದ್ದೆ. ನಿನ್ನಣ್ಣ ನೋಡ್ಕೊಳ್ಲಿ ಅಂದ್ರಿ." ಆಮೇಲೆ ದನಿ ತಗ್ಗಿಸಿ, "ಬಸ್ಸಲ್ಲಿ ಯಾರೋ ಹೊಡೆದ್ರು ಅಂದ್ಕೊಳ್ತೀರಿ ಅಂತಿದ್ದೆ. ಇವಳ ಹೆಸರು ಬರುತ್ತೆ ಅಂತ..."

"ಬಂತಲ್ಲ?" ಎಂದರು ಶಿವಗಂಗಾ.

ಜಯಮ್ಮ ಗದಿಗೆಮ್ಮನ ಕಡೆ ತಿರುಗಿದರು. "ಹಡಗಿನಲ್ಲಿ ಅಷ್ಟು ಜನ ಇದ್ದರು. ನನ್ನ ಜೊತೆ ಬಸ್ಸು ಹತ್ತಿದವಳು ಇವಳೊಬ್ಬಳೇ."

ಮನೋಜ ಗದಿಗೆಮ್ಮನ ಮುಂದೆ ಕೈಮುಗಿಯಲು ಹೋದ. ಅವಳು ಎದ್ದು ನಿಂತಳು.

"ನನಗ್ಯಾಕ ಹೇಳ್ತೀರಿ? ನಾ ಕದ್ದಿಲ್ಲಂತ ನನಗ ಮೊದಲ ಗೊತ್ತೈತಿ. ಕಳ್ಳಿ ಅಂದಿದ್ದು ಯಾವ್ಯಾವ ಮನಿಗೆ ಕೇಳೇತಿ, ಆ ಮನ್ಯಾಗ ಹೇಳ್ರಿ."

ಕೃಪಾ ತಲೆ ತಗ್ಗಿಸಿದಳು.

ದೀಪಾಲಿ ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ನಡೆದು, ಎದುರು ಮನೆಯ ಗಂಟೆ ಒತ್ತಿದಳು. ಬಾಗಿಲು ತೆರೆದಾಗ ಅವಳ ಮೊದಲ ಮಾತು ಯಾರಿಗೂ ತಿಳಿಯಲಿಲ್ಲ. ಎರಡನೆಯ ಸಲ "ಸರ ಮಾರಿದ್ದು ನಾನು" ಎಂಬುದು ಮೆಟ್ಟಿಲವರೆಗೂ ಕೇಳಿಸಿತು. ಗದಿಗೆಮ್ಮ ಅದನ್ನು ಪೂರ್ತಿ ಕೇಳಿಸಿಕೊಂಡು, ಪಕ್ಕದ ಬಾಗಿಲಿನ ಕಡೆ ನೋಡಿದಳು.